ಸಂಕಪ್ಪ ಕೂತು ನೋಡಿದ ನಾಲ್ಕು ದಿನ

ಬೆಳ್ತಂಗಡಿ ಇರಲಿ, ಮೂಡುಬಿದಿರೆ ಇರಲಿ, ಬಂಟ್ವಾಳ ಇರಲಿ, ಬೋರ್ಡು ಬರೆಯಲೆಂದು ಸಂಕಪ್ಪನನ್ನು ಯಾರೇ ಕರೆದರೂ ಮೊದಲ ದಿನ ಅವನು ಬ್ರಶ್ಶು ತರುತ್ತಿರಲಿಲ್ಲ. ಬಣ್ಣದ ಡಬ್ಬಿಯನ್ನೂ ತರುತ್ತಿರಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ನೆಂಟರ ಮನೆಗೆ ಬಂದವನ ಹಾಗೆ, ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಬಂದು ನಿಲ್ಲುತ್ತಿದ್ದ. "ಒಂದು ಸ್ಟೂಲು ಉಂಟಾ?" ಎಂದು ಕೇಳುತ್ತಿದ್ದ. ಸ್ಟೂಲು ಸಿಕ್ಕಿತೋ, ಕೂತ. ಸಂಜೆ ಬಾಗಿಲು ಹಾಕುವ ತನಕ ಕೂತೇ ಕೂತ.

"ಎಂತ ಮಾರಾಯ, ಬೋರ್ಡು ಬರೀಲಿಕ್ಕೆ ಕರೆದ್ರೆ ಕಾವಲು ಕಾಯ್ತಾ ಇದ್ದಿಯಲ್ಲ?" ಎಂದು ಗೊತ್ತಿಲ್ಲದವರು ಕೇಳುತ್ತಿದ್ದರು.

"ನೋಡ್ತಾ ಇದ್ದೇನೆ."

"ಎಂತ ಉಂಟು ನೋಡ್ಲಿಕ್ಕೆ?"

"ಅದು ನೋಡಿದ ಮೇಲೆ ಗೊತ್ತಾಗುವುದು."

ಮೂಡುಬಿದಿರೆಯ ಪದ್ಮರಾಜರಿಗೆ ಪಾತ್ರೆ ಅಂಗಡಿ. ತೊಂಬತ್ತೊಂದನೇ ಇಸವಿಯಲ್ಲಿ ಅವರು ಸಂಕಪ್ಪನನ್ನು ಕರೆಸಿ, ಹತ್ತು ಅಡಿ ಉದ್ದದ ಬೋರ್ಡು ಆಗಬೇಕು, ತೋಡಾರಿನಿಂದ ಬರುವ ಬಸ್ಸಿಗೇ ಕಾಣಬೇಕು ಎಂದರು. ಸಂಕಪ್ಪ ಒಂದು ದಿನ ಕೂತ. ಎದುರಿನ ರಸ್ತೆ ಎಂದರೆ ಹೊಂಡದ ಪಕ್ಕ ಹೊಂಡ. ನಡೆಯುವವರೆಲ್ಲ ನೆಲ ನೋಡಿಕೊಂಡು ನಡೆಯುತ್ತಾರೆ, ಒಬ್ಬನೂ ತಲೆ ಎತ್ತುವುದಿಲ್ಲ. ಮರುದಿನ ಬಂದವನು ಅಂಗಡಿಯ ಮೂರು ಮೆಟ್ಟಿಲುಗಳ ಎದುರು ಮುಖಕ್ಕೆ, ಕಾಲಿನ ಮಟ್ಟದಲ್ಲಿ, ಹಳದಿ ಬಣ್ಣದಲ್ಲಿ ಅಂಗಡಿಯ ಹೆಸರು ಬರೆದ.

"ಮೇಲೆ ಬೇಡವಾ?" ಎಂದು ಪದ್ಮರಾಜರು ಗಾಬರಿಯಾದರು.

"ಮೇಲೆಯೂ ಬರೀತೇನೆ ಧಣಿಗಳೇ. ಅದು ನಿಮಗೆ. ಇದು ಗಿರಾಕಿಗಳಿಗೆ."

ಹಾಗೆ ಅವನ ಕೂರುವಿಕೆಗೆ ಹೆಸರು ಬಂತು. ಬಸ್ಸಿನ ಕಂಡಕ್ಟರುಗಳು ಕೂಡ, ಬಿಳಿ ಅಂಗಿ ಕಂಡ ಕೂಡಲೇ, "ಇವತ್ತು ಎಲ್ಲಿ ಕೂರ್ಲಿಕ್ಕೆ ಸಂಕಪ್ಪಣ್ಣ?" ಎನ್ನುತ್ತಿದ್ದರು.

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಸಂಕಪ್ಪನ ಬಾಳಿನಲ್ಲಿ ಬೇರೆ ಕೂರುವ ಜಾಗ ಇರಲಿಲ್ಲ. ತೋಡಾರಿನಲ್ಲಿ ಹುಟ್ಟಿದವನು. ತಾಯಿ ಬೀಡಿ ಕಟ್ಟಿ ಸಾಕಿದಳು, ಅವನ ಮೂವತ್ತನೇ ವಯಸ್ಸಿಗೆ ತೀರಿಕೊಂಡಳು. ಇದ್ದ ಮನೆ ತಮ್ಮನಿಗೆ ಹೋಯಿತು, ತಮ್ಮನಿಗೆ ಹೆಂಡತಿ ಬಂದಳು, ಸಂಕಪ್ಪ ಲಾಯಿಲಕ್ಕೆ ಬಂದು ನಿಂತುಹೋದ ಒಂದು ಹಿಟ್ಟಿನ ಗಿರಣಿಯ ಹಿಂದೆ ಕೋಣೆ ಹಿಡಿದ. ಮದುವೆಗೆ ಎರಡು ಸಲ ಪ್ರಯತ್ನ ಆಗಿತ್ತು. ಬಂಟ್ವಾಳದ ಕಡೆ ಹುಡುಗಿ ನೋಡಿ ಬಂದವನನ್ನು ತಮ್ಮ ಕೇಳಿದನಂತೆ, "ಹೇಗೆ?" ಎಂದು. "ಗೇಟಿನ ಹಸಿರು ಕಣ್ಣಿಗೆ ಹೊಡೀತದೆ" ಎಂದನಂತೆ ಇವನು. ಊರೆಲ್ಲ ನಕ್ಕಿತು. ಆ ಮೇಲೆ ಹುಡುಗಿ ತೋರಿಸುವ ಉಪಕಾರಕ್ಕೆ ಯಾರೂ ಬರಲಿಲ್ಲ.

ಮಾತು ಅವನಿಗೆ ಬರುತ್ತಿರಲಿಲ್ಲ ಎಂದಲ್ಲ. ಸುಮ್ಮನೆ ಒಬ್ಬರ ಮನೆಗೆ ಹೋಗಿ, ಸುಮ್ಮನೆ ಕೂತು, ಸುಮ್ಮನೆ ಎದ್ದು ಬರುವುದು ಬರುತ್ತಿರಲಿಲ್ಲ. ಹೋಗಲು ಕೆಲಸ ಬೇಕು. ಕೆಲಸವಿದ್ದರೆ ಅವನಷ್ಟು ಹಾಯಾಗಿ ಕೂರುವವರಿಲ್ಲ. ಅಂಗಡಿಯವರ ಚಾ ಕುಡಿದು, ಅವರ ಬುತ್ತಿಯಲ್ಲಿ ಪಾಲು ತಿಂದು, ಬಂದವರ ಸುಖದುಃಖಕ್ಕೆ ಹೌದು ಹೌದು ಎಂದು, ಸಂಜೆ ಅಂಗಡಿಯವರೊಟ್ಟಿಗೇ ಬೀಗದ ಶಬ್ದ ಕೇಳಿ ಮನೆಗೆ ಹೊರಡುವುದು. ವರ್ಷಕ್ಕೆ ಅಂಥ ದಿನಗಳು ನಲವತ್ತೋ ಐವತ್ತೋ ಸಿಗುತ್ತಿದ್ದವು. ಅಷ್ಟರಲ್ಲಿ ವರ್ಷ ಕಳೆಯುತ್ತಿತ್ತು.

ಬೆಳ್ತಂಗಡಿ ಪೇಟೆಯಲ್ಲಿ ಅಬ್ದುಲ್ ಸಮದ್ ಅವರ ಬಟ್ಟೆ ಅಂಗಡಿ. ತೊಂಬತ್ತೆರಡರಲ್ಲಿ ಅಲ್ಲಿಯೂ ಸಂಕಪ್ಪ ಒಂದು ದಿನ ಕೂತಿದ್ದ. ಅಂಗಡಿಯ ಎದುರಿಗೇ ಜೀಪ್ ಸ್ಟ್ಯಾಂಡು. ಬಾಡಿಗೆ ಸಿಗದ ಹೊತ್ತಿನಲ್ಲಿ ಡ್ರೈವರುಗಳು ಬಾನೆಟ್ಟಿಗೆ ಒರಗಿಕೊಂಡು ಅಂಗಡಿಯ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ. ಹೆಂಗಸರು ಬರುತ್ತಾರೆ, ಒಂದು ಕರವಸ್ತ್ರ ಕೇಳುತ್ತಾರೆ, ಕಣ್ಣು ಮೇಲೆ ಒಳಬಟ್ಟೆಗಳ ಶೆಲ್ಫಿಗೆ ಹೋಗುತ್ತದೆ, ಹಿಂದೆ ನಿಂತ ಜೀಪುಗಳ ನೆನಪಾಗುತ್ತದೆ, ಕರವಸ್ತ್ರ ಹಿಡಿದುಕೊಂಡೇ ಹೋಗುತ್ತಾರೆ. ಸಂಜೆಯ ತನಕ ಸಂಕಪ್ಪ ಹದಿನೇಳು ಕರವಸ್ತ್ರ ಎಣಿಸಿದ.

"ಸಮದಾಕ, ಈ ಬದಿಯ ಓಣಿಗೆ ನಿಮ್ಮದೊಂದು ಬಾಗಿಲು ಉಂಟಲ್ಲ?"

"ಉಂಟು. ಅದು ಗೋದಾಮಿನದ್ದು."

"ಗೋದಾಮು ಹಿಂದೆ ಹೋಗಲಿ. ಅಲ್ಲಿ ರುಕಿಯಕ್ಕ ಕೂತುಕೊಳ್ಳಲಿ. ಹೆಂಗಸರ ಸಾಮಾನೆಲ್ಲ ಅಲ್ಲಿ ಇಡುವ."

ಎದುರಿಗೆ ದೊಡ್ಡ ಬೋರ್ಡು ಬರೆದ: ಲುಂಗಿ, ಅಂಗಿ, ಶಾಲೆಯ ಯೂನಿಫಾರ್ಮು. ಓಣಿಯ ಬಾಯಿಗೆ ಮಾತ್ರ ಒಂದು ಗೇಣು ಅಗಲದ ತಗಡು ತೂಗಿಸಿದ. ಅದರಲ್ಲಿ ಅಕ್ಷರವೇ ಇಲ್ಲ. ಒಂದು ಸೂಜಿ, ಅದರ ಕಣ್ಣಿನಿಂದ ಇಳಿದ ಕೆಂಪು ದಾರ, ಅಷ್ಟೇ.

ಸಮದರ ಹೆಂಡತಿ ರುಕಿಯಾ ಅದನ್ನು ನೋಡಿ, "ಒಳಗೆ ಎಂತ ಸಿಗ್ತದೆ ಅಂತ ಇದರಲ್ಲಿ ಹೇಗೆ ಗೊತ್ತಾಗುವುದು?" ಎಂದಳು.

"ಸೂಜಿ-ದಾರ ತರಲಿಕ್ಕೆ ಹೋದೆ ಅಂತ ಯಾರ ಹತ್ತಿರ ಬೇಕಾದರೂ ಹೇಳಬಹುದಲ್ಲ ಅಕ್ಕ. ಒಳಗೆ ಬಂದ ಮೇಲೆ ನೀವಿದ್ದೀರಿ."

ರುಕಿಯಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಹನ್ನೆರಡು ವರ್ಷ ಆ ಸೂಜಿ ಅಲ್ಲಿ ತೂಗಾಡಿತು. ಸುತ್ತಲಿನ ಹಳ್ಳಿಯ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡು ಬಂದರು. ಜೀಪಿನವರಿಗೆ ಈ ಊರಿನಲ್ಲಿ ಇಷ್ಟು ಜನ ಯಾಕೆ ಹೊಲಿಗೆ ಹಾಕುತ್ತಾರೆ ಎಂಬುದು ಗೊತ್ತಾಗಲಿಲ್ಲ.

ಆಮೇಲೆ ಕಾಲ ತಿರುಗಿತು. ಅದು ಒಂದೇ ದಿನದಲ್ಲಿ ತಿರುಗಿದ್ದಲ್ಲ. ಮೊದಲು ಪೇಟೆಯಲ್ಲಿ ಕಂಪ್ಯೂಟರಿನಲ್ಲಿ ಮದುವೆ ಕಾಗದ ಮಾಡುವ ಅಂಗಡಿ ಬಂತು. ಆಮೇಲೆ ಮಂಗಳೂರಿನಲ್ಲಿ ಫ್ಲೆಕ್ಸ್ ಬಂತು. ಆಮೇಲೆ ಕಂಪ್ಯೂಟರೇ ಮನೆಮನೆಗೆ ಬಂತು, ಅದರೊಳಗೆ ಹೂವು, ಬಳ್ಳಿ, ನಗುವ ಮಗು, ನೂರಾರು ಬಗೆಯ ಅಕ್ಷರ ಎಲ್ಲ ತಯಾರಿದ್ದವು. ಬೇಕಾದದ್ದನ್ನು ಹೆಕ್ಕಿ, ಬೇಕಾದಲ್ಲಿ ಇಟ್ಟರೆ ಬೋರ್ಡು ಆಯಿತು. ಇಷ್ಟು ಸುಲಭ ಇರುವಾಗ ಒಬ್ಬನನ್ನು ಕರೆಸಿ, ಸ್ಟೂಲು ಕೊಟ್ಟು, ಒಂದು ದಿನ ಕಾಯುವವರು ಯಾರು? ಮೂಡುಬಿದಿರೆಯ ಪದ್ಮರಾಜರ ಮೆಟ್ಟಿಲಿಗೂ ಗ್ರಾನೈಟು ಬಂತು. ಎರಡು ಸಾವಿರದ ನಾಲ್ಕರ ಹೊತ್ತಿಗೆ ಸಂಕಪ್ಪ ಗೋಡೆಗಳಿಗೆ ಸುಣ್ಣ ಬಳಿಯುವ ಕೆಲಸ ಮಾಡುತ್ತಿದ್ದ. ಹೊಟ್ಟೆಗೆ ತೊಂದರೆ ಇರಲಿಲ್ಲ. ಆದರೆ ಬಿಳಿ ಅಂಗಿ ಗೂಟದಲ್ಲಿ ಹನ್ನೊಂದು ತಿಂಗಳಿಂದ ತೂಗುತ್ತಿತ್ತು. ಸುಣ್ಣ ಬಳಿಯುವವನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಬೇಕು, ಬೆನ್ನ ಹಿಂದೆ ಯಾರು ಬಂದರು ಯಾರು ಹೋದರು ಅವನಿಗೆ ತಿಳಿಯುವುದಿಲ್ಲ.

ಅದೇ ವರ್ಷ ಸಮದರ ಮಗ ಹಾರಿಸ್ ಶಾರ್ಜಾದಿಂದ ಬಂದ. ನಾಲ್ಕು ವರ್ಷ ಅಲ್ಲಿಯ ಅಂಗಡಿಯೊಂದರಲ್ಲಿ ದುಡಿದವನು, ಬರುವಾಗ ಒಂದು ಲ್ಯಾಪ್‌ಟಾಪು ತಂದಿದ್ದ. ಒಳ್ಳೆಯ ಹುಡುಗ. ತಂದೆಯ ಅಂಗಡಿಗೆ ಏನಾದರೂ ಮಾಡಬೇಕೆಂದು ಹದಿನೈದು ದಿನ ಕೂತು ತಾನೇ ಹೊಸ ಬೋರ್ಡು ಮಾಡಿದ. ಮಂಗಳೂರಿನಲ್ಲಿ ಫ್ಲೆಕ್ಸ್ ಹೊಡೆಸಿ ತಂದು, ಅಂಗಡಿಯ ಎದುರಿನಿಂದ ಮೂಲೆ ತಿರುಗಿಸಿ ಓಣಿಯ ಬಾಯಿಯ ತನಕ ಕಟ್ಟಿಸಿದ. ತುಕ್ಕು ಹಿಡಿದ ಸೂಜಿ-ದಾರದ ತಗಡನ್ನು ಬಿಚ್ಚಿ ನೀರಿನ ಕೊಡಕ್ಕೆ ಮುಚ್ಚಳ ಮಾಡಿದ.

ಮೂರು ತಿಂಗಳು ಕಳೆಯಿತು. ಎದುರಿನ ವ್ಯಾಪಾರ ಏರಿತು, ಓಣಿಯದ್ದು ಇಳಿಯಿತು. ಕೊನೆಗೆ ರುಕಿಯಾ ದಿನಕ್ಕೆ ನಾಲ್ಕು ಹೆಂಗಸರ ಮುಖವನ್ನೂ ಕಾಣದ ಹಾಗಾಯಿತು.

"ಸಂಕಪ್ಪಣ್ಣನನ್ನು ಕರೆಯುವ" ಎಂದಳು ಗಂಡನ ಹತ್ತಿರ.

"ಅವರು ಬಂದು ಎಂತ ಮಾಡ್ತಾರೆ?" ಹಾರಿಸ್ ಕೇಳಿದ.

"ಕೂತುಕೊಳ್ತಾರೆ."

"ಕೂತ್ರೆ?"

"ಕೂತ್ರೆ ಗೊತ್ತಾಗ್ತದೆ."

"ಉಮ್ಮಾ, ಕೂರುವುದಾದರೆ ನಾನೂ ಕೂರ್ತೇನಲ್ಲ, ದಿನಾ!"

"ನೀನು ಕೂರುವುದು ಕಂಪ್ಯೂಟರಿನ ಎದುರು" ಎಂದರು ಸಮದ್. ಅಲ್ಲಿಗೆ ಮಾತು ಮುಗಿಯಿತು.

ಸೋಮವಾರ ಬೆಳಿಗ್ಗೆ ಬಿಳಿ ಅಂಗಿ ಗೂಟದಿಂದ ಇಳಿಯಿತು. ಸಂಕಪ್ಪ ಅಂಗಡಿಯ ಎದುರು ನಿಂತು ಹೊಸ ಬೋರ್ಡು ನೋಡಿದ. ಚೆಂದ ಇತ್ತು, ಇಲ್ಲ ಎನ್ನುವ ಹಾಗಿರಲಿಲ್ಲ. ಅಷ್ಟು ಸಮನಾದ ಅಕ್ಷರ ಅವನ ಕೈಯಿಂದ ಎಂದೂ ಬಂದದ್ದಿಲ್ಲ. "ಚಂದ ಮಾಡಿದ್ದಿ ಹಾರಿಸ್" ಎಂದ, ಮನಸ್ಸಿನಿಂದಲೇ ಹೇಳಿದ. ಸ್ಟೂಲನ್ನು ಓಣಿಗೂ ಜೀಪ್ ಸ್ಟ್ಯಾಂಡಿಗೂ ನಡುವೆ, ಲೈಟು ಕಂಬದ ಬುಡಕ್ಕೆ ಹಾಕಿ ಕೂತ.

ಹನ್ನೊಂದು ಗಂಟೆಗೆ ಅವನಿಗೆ ಎಲ್ಲ ಗೊತ್ತಾಯಿತು.

ಓಣಿಯ ಬಾಯಿಯ ಫ್ಲೆಕ್ಸಿನಲ್ಲಿ ಹಾರಿಸ್ ಆಳೆತ್ತರದ ಒಂದು ಕೆಂಪು ಬಾಣ ಹಾಕಿದ್ದ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ "ಮಹಿಳೆಯರ ಒಳಉಡುಪು, ದಾರಿ ಇಲ್ಲಿ". ಯಾರಿಗೂ ದಾರಿ ತಪ್ಪಬಾರದು ಎಂಬ ಒಳ್ಳೆಯ ಬುದ್ಧಿಯಿಂದಲೇ ಹಾಕಿದ್ದು. ಬಸ್ಸಿನಿಂದ ಇಳಿದ ಒಬ್ಬಳು ಹೆಂಗಸು ಬಾಣದ ಬಳಿ ಬಂದು ಓಣಿಯ ಕಡೆ ತಿರುಗಿದಳು. ಅಷ್ಟರಲ್ಲಿ ಜೀಪಿಗೆ ಒರಗಿದ್ದ ಒಬ್ಬ ಆಕಾಶ ನೋಡಿಕೊಂಡು, ತನ್ನಷ್ಟಕ್ಕೇ ಎಂಬ ಹಾಗೆ, "ಬಾಣ ನಾಟಿತು!" ಎಂದ. ಪಕ್ಕದವನು, "ಯಾವ ಸೈಜಿನ ಬಾಣ ಮಾರಾಯ?" ಎಂದ. ಮೂರನೆಯವನು ಕೆಮ್ಮಿದ. ಹೆಂಗಸು ಕೊಡೆ ಸರಿಮಾಡಿಕೊಳ್ಳುವವಳ ಹಾಗೆ ನಿಂತು, ಮುಂದೆ ನಡೆದುಬಿಟ್ಟಳು.

ಒಳಗೆ ಕೂತ ರುಕಿಯಾಳಿಗೆ ಇದು ಕೇಳುವುದಿಲ್ಲ. ಸಮದರು ಇದ್ದಾಗ ಡ್ರೈವರುಗಳು ಬಾಯಿ ಬಿಡುವುದಿಲ್ಲ. ಹೆಂಗಸರಂತೂ ಯಾರ ಹತ್ತಿರವೂ ಹೇಳುವವರಲ್ಲ. ಕಂಬದ ಬುಡದಲ್ಲಿ ಕೂತವನಿಗೆ ಮಾತ್ರ ಕೇಳಿಸುವ ಮಾತು ಅದು.

ಎದ್ದು ಹೋಗಿ ಹೇಳಬೇಕು ಎಂದುಕೊಂಡ. ಬಾಣ ತೆಗೆ, ಸೂಜಿ ಹಾಕು ಎಂದರೆ ಆಯಿತು. ಎರಡು ಮಾತು, ಐದು ನಿಮಿಷದ ಕೆಲಸ.

ಐದು ನಿಮಿಷ. ಆಮೇಲೆ?

ಯೋಚಿಸುತ್ತಲೇ ಮಧ್ಯಾಹ್ನವಾಯಿತು. ಸಮದರು ಒಳಗಿನಿಂದ, "ಸಂಕಪ್ಪಣ್ಣ, ಊಟಕ್ಕೆ ಬನ್ನಿ, ರುಕಿಯಾ ನಿಮಗೂ ಸೇರಿಸಿ ತಂದಿದ್ದಾಳೆ" ಎಂದು ಕೂಗಿದರು. ಅಕ್ಕಿ ರೊಟ್ಟಿ, ಬಂಗುಡೆ ಸಾರು. ಮೂವರು ಬಟ್ಟೆಯ ಥಾನುಗಳ ನಡುವೆ ನೆಲದಲ್ಲಿ ಕೂತು ಉಂಡರು. ಹಾರಿಸ್ ಶಾರ್ಜಾದಲ್ಲಿ ಒಂದು ಬೆಕ್ಕು ಅಂಗಡಿಗೆ ಬಂದು ಎ.ಸಿ.ಯ ಕೆಳಗೇ ಮಲಗುತ್ತಿದ್ದ ಕಥೆ ಹೇಳಿದ. ಸಂಕಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಷ್ಟು ತಿಂಗಳಾಗಿತ್ತು ಇನ್ನೊಬ್ಬರ ಎದುರು ಕೂತು ಉಂಡು!

ಸಂಜೆ ಬಾಗಿಲು ಹಾಕುವಾಗ ಸಮದರು ಕೇಳಿದರು, "ಎಂತ, ಗೊತ್ತಾಯ್ತಾ?"

"ಇನ್ನೊಂದು ದಿನ ಕೂರ್ತೇನೆ ಸಮದಾಕ" ಎಂದ ಸಂಕಪ್ಪ. ಬಾಯಿಯಿಂದ ಅದೇ ಬಂತು.

ಮಂಗಳವಾರ ಕೂತ. ಬುಧವಾರ ಕೂತ. ಅಂಗಿ ರಾತ್ರಿ ಒಗೆದು, ಬೆಳಿಗ್ಗೆ ಚಂಬಿಗೆ ಕೆಂಡ ಹಾಕಿ ಉಜ್ಜಿ ತೊಟ್ಟ. ರುಕಿಯಾ ಒಂದು ದಿನ ಕೋಳಿ ಸಾರು ಮಾಡಿ ತಂದಳು, ಒಂದು ದಿನ ಅವನ ಅಂಗಿಯ ಕಿತ್ತುಹೋದ ಗುಂಡಿ ಕಂಡು ದಾರ ಕೊಟ್ಟಳು. ಹಾರಿಸ್ ಲ್ಯಾಪ್‌ಟಾಪು ತಂದು ಅಕ್ಷರ ಹೇಗೆ ಕೂರಿಸುವುದು ಎಂದು ತೋರಿಸಿದ. "ನೀವೂ ಕಲಿಯಬಹುದು ಅಣ್ಣ, ಇದರಲ್ಲಿ ಎಂತ ಉಂಟು" ಎಂದ. ಸಂಕಪ್ಪ ಒಂದು ಬೆರಳಲ್ಲಿ ತನ್ನ ತಾಯಿಯ ಹೆಸರು ಹೊಡೆದ. ಅಕ್ಷರಗಳು ಬಂದವು. ಹಾಗೇ ನೋಡುತ್ತ ಕೂತ.

ಪ್ರತಿ ದಿನ ಕಂಬದ ಬುಡದಲ್ಲಿ ಕೂತು, ತಿರುಗಿ ಹೋಗುವ ಹೆಂಗಸರನ್ನೂ ಎಣಿಸಿದ. ಸೋಮವಾರ ಒಂಬತ್ತು. ಮಂಗಳವಾರ ಏಳು. ಬುಧವಾರ ಎಣಿಸುವುದನ್ನು ನಿಲ್ಲಿಸಿದ. ನಾಳೆ ಹೇಳುತ್ತೇನೆ ಎಂದುಕೊಂಡು ಮಲಗಿದ, ನಾಳೆ ಬಂದಾಗ ಊಟ ಆಗಲಿ ಎಂದುಕೊಂಡ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಅಮ್ಮಣ್ಣಿ ಬಂದಳು. ಲಾಯಿಲದಲ್ಲಿ ಸಂಕಪ್ಪನ ಕೋಣೆಯಿಂದ ನಾಲ್ಕು ಮನೆ ಆಚೆ ಬೀಡಿ ಕಟ್ಟುವವಳು, ವರ್ಷಗಳಿಂದ ಈ ಓಣಿಯ ಗಿರಾಕಿ. ಜೊತೆಯಲ್ಲಿ ಹನ್ನೆರಡು ವರ್ಷದ ಮಗಳು. ಹುಡುಗಿ ತಾಯಿಯ ಹಿಂದೆ ಹಿಂದೆ, ಶಾಲೆಯ ಚೀಲವನ್ನು ಎದೆಗೆ ಅವುಚಿಕೊಂಡು ನಡೆಯುತ್ತಿದ್ದಳು. ಯಾಕೆ ಬಂದದ್ದೆಂದು ನೋಡಿದವರಿಗೆ ಹೇಳಬೇಕಾಗಿರಲಿಲ್ಲ. ಅಮ್ಮಣ್ಣಿ ಬಾಣದ ಕೆಳಗೆ ಬಂದಳು, ತಲೆ ಎತ್ತಿ ನೋಡಿದಳು, ಮಗಳ ಕೈ ಹಿಡಿದಳು.

"ಓ, ಇವತ್ತು ಸಣ್ಣ ಬಾಣವೂ ಉಂಟು" ಎಂದಿತು ಜೀಪಿನ ಕಡೆಯ ಒಂದು ಸ್ವರ.

ಹುಡುಗಿಯ ಮುಖ ಕಿವಿಯ ತನಕ ಕೆಂಪಾಯಿತು. ಅವಳು ತಾಯಿಯ ಕೈಯನ್ನು ಎಳೆದಳು. ಅಮ್ಮಣ್ಣಿ ತಿರುಗಿದಳು, ಕಂಬದ ಬುಡದಲ್ಲಿ ಕೂತ ಸಂಕಪ್ಪನನ್ನು ಕಂಡಳು. ಗುರುತಿನವನು. ಅವನೂ ಕೇಳಿಸಿಕೊಂಡಿದ್ದಾನೆ ಎಂದು ಅವಳಿಗೆ ತಿಳಿಯಿತು. ಮಗಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಸಂಕಪ್ಪ ಎದ್ದ. ಎದ್ದ ರಭಸಕ್ಕೆ ಸ್ಟೂಲು ಮಗುಚಿ ಬಿತ್ತು. ಜೀಪಿನವರ ಕಡೆ ತಿರುಗಿ, "ನಿಮಗೆ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವಾ?" ಎಂದ. ಜೀವಮಾನದಲ್ಲಿ ಒಬ್ಬರಿಗೂ ಗದರದವನ ಸ್ವರ ಅದು. ಅವರು ಬಾಯಿ ತೆರೆದು ನೋಡಿದರು. ಅವನು ಅಂಗಡಿಗೆ ಹೋಗಿ ಸಮದರ ಮೇಜಿನ ಮುಂದೆ ನಿಂತ. ರುಕಿಯಾಳನ್ನೂ ಹಾರಿಸನನ್ನೂ ಕರೆದ. ಬಾಣದ ಸಂಗತಿ ಹೇಳಿದ, ಜೀಪಿನವರ ಮಾತು ಹೇಳಿದ, ತಿರುಗಿ ಹೋದವರ ಲೆಕ್ಕ ಹೇಳಿದ.

ಹಾರಿಸನ ಮುಖ ಸಣ್ಣದಾಯಿತು. "ಅಲ್ಲ ಅಣ್ಣ, ಸ್ಕ್ರೀನಿನಲ್ಲಿ ನೋಡುವಾಗ ಎಲ್ಲ ಸರಿಯಾಗಿತ್ತು..."

"ಸ್ಕ್ರೀನಿನಲ್ಲಿ ಜೀಪು ಇರುವುದಿಲ್ಲವಲ್ಲ ಮಗಾ."

ಹಾರಿಸ್ ಮೇಜಿನ ಮೇಲಿದ್ದ ಬಟ್ಟೆ ಕತ್ತರಿಸುವ ಕತ್ತರಿ ಎತ್ತಿಕೊಂಡು ಹೊರಗೆ ಓಡಿದ. ಸಮದರು ಎದ್ದು ಜೀಪ್ ಸ್ಟ್ಯಾಂಡಿನ ಕಡೆ ಹೊರಟವರು, ಬಾಗಿಲಲ್ಲಿ ನಿಂತು ಕೇಳಿದರು.

"ಸಂಕಪ್ಪಣ್ಣ, ಸೋಮವಾರದ ಲೆಕ್ಕ ಹೇಳಿದಿರಲ್ಲ. ನಿಮಗೆ ಇದು ಯಾವಾಗ ಗೊತ್ತಾದದ್ದು?"

ಸುಳ್ಳು ಹೇಳಬಹುದಿತ್ತು.

"ಸೋಮವಾರ. ಹನ್ನೊಂದು ಗಂಟೆಗೆ."

ಸಮದರು ಚಪ್ಪಲಿ ಮೆಟ್ಟಿ ಇಳಿದು ಹೋದರು. ಬಾಯಿ ಬಿಟ್ಟು ಬೈದಿದ್ದರೆ ಸಂಕಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಉಳಿದವಳು ರುಕಿಯಾ. ಅವಳು ಮಡಚಿದ್ದ ಬಟ್ಟೆಯನ್ನೇ ಬಿಚ್ಚಿ ಇನ್ನೊಮ್ಮೆ ಮಡಚಿದಳು. ಆಮೇಲೆ ಅವನ ಕಡೆ ನೋಡದೆ, ಮೆಲ್ಲಗೆ ಕೇಳಿದಳು.

"ಬರಲಿಕ್ಕೆ ನಿಮಗೂ ಒಂದು ಸೂಜಿ-ದಾರ ಬೇಕಿತ್ತಾ ಸಂಕಪ್ಪಣ್ಣ?"

ಅವನು ನೆಲ ನೋಡಿದ. ಮೂಡುಬಿದಿರೆಯ ರಸ್ತೆಯಲ್ಲಿ ನಡೆಯುವವರ ಹಾಗೆ.

ಹಾರಿಸ್ ಒಳಗೆ ಬಂದ. ಒಂದು ಕೈಯಲ್ಲಿ ಕತ್ತರಿಸಿದ ಬಾಣ, ಇನ್ನೊಂದರಲ್ಲಿ ಕೊಡದ ಮೇಲಿಂದ ತೆಗೆದ ತಗಡು. ತಗಡಿನ ಅಂಚು ತುಕ್ಕು ತಿಂದಿತ್ತು, ದಾರದ ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. "ಅಣ್ಣ, ಇದನ್ನು ಹೊಸತಾಗಿ ಬರೆದುಕೊಡಿ. ಬೇಕಾದರೆ ಇನ್ನೂ ಎರಡು ದಿನ ಕೂರಿ, ನಿಧಾನ ಮಾಡಿ. ಈ ಸಲ ನಾನು ಕೈ ಹಾಕುವುದಿಲ್ಲ" ಎಂದ.

ಸಂಕಪ್ಪ ತಗಡನ್ನು ಕೈಯಲ್ಲಿ ಹಿಡಿದು ನೋಡಿದ. ಎರಡು ದಿನ. ಬಣ್ಣ ಒಣಗಲು ಮತ್ತೊಂದು ದಿನ. ರುಕಿಯಾ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು.

"ಬೇಡ" ಎಂದ. "ಹೀಗೇ ತೂಗಿಸು. ಹೊಸತು ಮಾಡಿದರೆ ಜೀಪಿನವರ ಕಣ್ಣು ಅಲ್ಲಿಗೇ ಹೋಗ್ತದೆ. ಇದು ಹಳತಾದಷ್ಟೂ ಒಳ್ಳೆಯದು. ಬೇಕಾದವರಿಗೆ ಗುರುತು ಸಿಗ್ತದೆ."

ಹಾರಿಸ್ ಹಳೆಯ ಮೊಳೆಗೇ ಅದನ್ನು ತೂಗಿಸಿದ. ಅಲ್ಲಿಗೆ ಕೆಲಸ ಮುಗಿಯಿತು. ಮಗುಚಿ ಬಿದ್ದಿದ್ದ ಸ್ಟೂಲನ್ನು ಸಂಕಪ್ಪ ಎತ್ತಿ, ಒರಸಿ, ಒಳಗೆ ತಂದಿಟ್ಟ. "ಸುಮ್ಮನೆ ಬನ್ನಿ ಇನ್ನೊಮ್ಮೆ" ಎಂದಳು ರುಕಿಯಾ. "ಕೆಲಸ ಇರಲೇಬೇಕು ಅಂತ ಉಂಟಾ?"

"ಬರ್ತೇನೆ ಅಕ್ಕ."

ಲಾಯಿಲಕ್ಕೆ ನಡೆದೇ ಹೋದ. ಅಮ್ಮಣ್ಣಿಯ ಮನೆಯ ಎದುರು ನಿಂತು, ಅಂಗಳದಲ್ಲಿ ಎಲೆ ಕತ್ತರಿಸುತ್ತಿದ್ದ ಅವಳಿಗೆ, "ಸೂಜಿ-ದಾರ ಪುನಃ ಹಾಕಿದ್ದಾರೆ" ಎಂದು ಹೇಳಿದ. ಅವಳು ತಲೆ ಆಡಿಸಿದಳು. ಕೂತುಕೊಳ್ಳಿ ಎಂದು ಹೇಳಲಿಲ್ಲ, ಅವನೂ ನಿಲ್ಲಲಿಲ್ಲ.

ಸುಮ್ಮನೆ ಹೋಗುವ ಪ್ರಯತ್ನವನ್ನೂ ಅವನು ಒಮ್ಮೆ ಮಾಡಿದ್ದುಂಟು. ಎರಡು ವಾರ ಬಿಟ್ಟು, ಒಂದು ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತಿದ. ಕಂಡಕ್ಟರು ಹೊಸಬ, ಎಲ್ಲಿ ಕೂರ್ಲಿಕ್ಕೆ ಎಂದು ಕೇಳಲಿಲ್ಲ, "ಎಲ್ಲಿಗೆ?" ಎಂದ ಅಷ್ಟೇ. ಬೆಳ್ತಂಗಡಿ ಎಂದು ಬಾಯಿಗೆ ಬಂದದ್ದು, "ಮೂಡುಬಿದಿರೆ" ಎಂದಾಯಿತು. ಬಸ್ಸು ಪೇಟೆಗೆ ಬಂದು ಜೀಪ್ ಸ್ಟ್ಯಾಂಡಿನ ಪಕ್ಕ ಒಂದು ನಿಮಿಷ ನಿಂತಿತು. ಕಿಟಕಿಯಿಂದ ನೋಡಿದ. ಕಂಬದ ಬುಡದಲ್ಲಿ ಯಾರೋ ಸೈಕಲ್ಲು ನಿಲ್ಲಿಸಿದ್ದರು. ಡ್ರೈವರುಗಳು ಬೇರೆ ಯಾವುದೋ ಮಾತಿನಲ್ಲಿದ್ದರು. ಅಮ್ಮಣ್ಣಿ ಮತ್ತು ಅವಳ ಮಗಳು ಆ ಕಡೆಯಿಂದ ಬಂದರು. ಹುಡುಗಿ ಚೀಲವನ್ನು ಬೆನ್ನಿಗೆ ಹಾಕಿಕೊಂಡಿದ್ದಳು. ಇಬ್ಬರೂ ಮೇಲೆ ನೋಡಲಿಲ್ಲ, ಪಕ್ಕ ನೋಡಲಿಲ್ಲ, ಮಾತಾಡಿಕೊಂಡೇ ತಗಡಿನ ಕೆಳಗಿನಿಂದ ಓಣಿಯೊಳಗೆ ತಿರುಗಿದರು.

ಸಂಕಪ್ಪ ಬೆರಳು ಮಡಚಿ ಒಂದು, ಎರಡು ಎಂದು ಎಣಿಸಿಕೊಂಡ. ಬಸ್ಸು ಹೊರಟಿತು. ಪಕ್ಕದ ಸೀಟು ಮೂಡುಬಿದಿರೆಯ ತನಕ ಖಾಲಿಯೇ ಇತ್ತು.